ಅಡುಸೆ ಮಾವನ ಕಾಯಿಲೆ

ಅಡುಸೆ ಮಾವನನ್ನು ಮನೆಯಿಂದ ಕಳಿಸಿಬಿಡುವುದೆಂದು ಭಾನುವಾರ ಬೆಳಗ್ಗೆ ಅಂಗಳದಲ್ಲಿ ಸೇರಿದ್ದ ಕುಲದವರು ಬಹುಮಟ್ಟಿಗೆ ತೀರ್ಮಾನಿಸಿಯೇ ಕೂತಿದ್ದರು. ಕುಮಾಸಿ ಪಟ್ಟಣದ ಕಡೆ ಆಸ್ತಿ ಇಳಿಯುವುದು ತಾಯಿಯ ಕಡೆಯಿಂದ; ಆ ಹಳೆಯ ಮನೆ ತಾಯಿಯ ಕುಲದ್ದು. ಮಾವನ ಕೋಕೋ ತೋಟವೂ ಅವನ ಮಕ್ಕಳಿಗಲ್ಲ, ತಂಗಿಯ ಮಗ ಬಾಫೂರ್‌ಗೆ. ಮಾವನಿಗೆ ಕಿವಿ ಪೂರ್ತಿ ಹೋಗಿತ್ತು, ಸಕ್ಕರೆ ಕಾಯಿಲೆಯೂ ಇತ್ತು. ಈಗ ಇಪ್ಪತ್ತಾರರ ಬಾಫೂರ್‌ಗೂ ಎರಡೂ ಶುರುವಾಗಿದ್ದವು.

“ಆಸ್ತಿ ಬರೋ ದಾರೀಲೇ ರೋಗಾನೂ ಬರ್ತಿದೆ,” ಎಂದ ಕುಲದ ಹಿರಿಯ ಅಗ್ಯೇಯಿ. “ಅವನ ಸ್ವಂತ ಮಕ್ಕಳನ್ನ ನೋಡಿ, ಮೂರೂ ಗುಂಡುಕಲ್ಲಿನ ಹಾಗಿವೆ. ಹೋಗಿ ಅವರ ಹತ್ರಾನೇ ಇರ್ಲಿ.”

“ನನಗೆ ತೋಟಾನೂ ಬೇಡ, ಕಿವುಡೂ ಬೇಡ,” ಎಂದ ಬಾಫೂರ್.

ಮಾವ ಬಾಗಿಲ ಬಳಿ ಕೂತು ಎಲ್ಲರ ತುಟಿ ನೋಡುತ್ತಿದ್ದ. ಅರ್ಥವಾಗದಾಗಲೆಲ್ಲ ನಗುತ್ತಿದ್ದ.

ಬಾಫೂರ್‌ನ ಅಕ್ಕ ಪೋಮಾ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ರಕ್ತಪರೀಕ್ಷೆಯ ಆಸ್ಪತ್ರೆ ಕಾಗದ ಅದರಲ್ಲಿತ್ತು. ಜೀವಕೋಶದೊಳಗೆ ಶಕ್ತಿ ತಯಾರಾಗುವ ಮೈಟೊಕಾಂಡ್ರಿಯಕ್ಕೆ ತನ್ನವೇ ಪುಟ್ಟ ಜೀನುಗಳಿವೆ. ಅವುಗಳಲ್ಲಿ, ಪ್ರೋಟೀನು ಕಟ್ಟಲು ಸಾಮಾನು ಹೊತ್ತು ತರುವ ಆರ್‌ಎನ್‌ಎಯ ಜೀನಿನಲ್ಲಿ ಒಂದೇ ಒಂದು ಅಕ್ಷರ ಕೆಟ್ಟಿದೆ ಎಂದಿದ್ದರು ಡಾಕ್ಟರು. ಯಾರಿಂದ ಬಂತು ಅನ್ನುವುದನ್ನೂ ಹೇಳಿದ್ದರು. ಸುಮ್ಮನಿದ್ದರೆ ಮಾವ ಹೊರಗೆ. ಬಾಯಿಬಿಟ್ಟರೆ ಅಮ್ಮ.

“ಮಾವ ಯಾರಿಗೂ ಕೊಟ್ಟಿಲ್ಲ,” ಎಂದಳು. “ಗಂಡಸರಿಂದ ಇದು ಮುಂದಕ್ಕೆ ಹೋಗಲ್ಲ.”

“ನಾಲ್ಕು ದಿನ ಆಸ್ಪತ್ರೆ ಬೆಂಚು ಸವೆಸಿ ಡಾಕ್ಟರಮ್ಮ ಆಗ್ಬಿಟ್ಳು,” ಎಂದಳು ಅಮ್ಮನ ಒಡಹುಟ್ಟಿದ ಅಕ್ಕ, ದೊಡ್ಡಮ್ಮ.

“ಮತ್ತೆ ಇವನಿಗೆ ಎಲ್ಲಿಂದ ಬಂತು?” ಅಗ್ಯೇಯಿ ಕೇಳಿದ.

“ಹೆತ್ತವಳಿಂದ. ನನಗೂ ಬಂದಿದೆ. ನನ್ನ ಮಗಳಿಗೂ ಬಂದಿರತ್ತೆ.”

ಎಲ್ಲರೂ ಅಮ್ಮ ಸಾಚಿವಾಳ ಕಡೆ ತಿರುಗಿದರು. ಎರಡು ವರ್ಷದಿಂದ ಅವಳಿಗೂ ಕಿವಿ ಮಂದ. ವಯಸ್ಸಾಯಿತು ಅಂದುಕೊಂಡಿದ್ದರು.

“ಎಲ್ರೂ ನನ್ನೇ ಯಾಕೆ ನೋಡ್ತೀರಿ? ಏನಂದ್ಲು ಇವಳು?”

ಬಾಫೂರ್ ತಲೆ ತಗ್ಗಿಸಿದ.

“ನೀನೇ ಹೇಳಮ್ಮ,” ಎಂದ ಅಗ್ಯೇಯಿ. “ಜೋರಾಗಿ ಹೇಳು.”

ಪೋಮಾ ಅಮ್ಮನ ಕಿವಿಗೆ ಬಾಗಿದಳು. ಮೊದಲ ಸಲ ಹೇಳಿದ್ದು ಕೇಳಿಸಲಿಲ್ಲ. ಎರಡನೇ ಸಲ ಹೇಳಿದ್ದು ಬೀದಿಯವರೆಗೂ ಕೇಳಿಸಿತು: “ನಿನ್ನಿಂದ ಬಂದಿದ್ದು, ಅಮ್ಮ. ನಿನಗೆ ಅಜ್ಜಿಯಿಂದ.”

ಸಾಚಿವಾ ಮಗಳ ಮುಖವನ್ನೇ ನೋಡಿದಳು. ಆಮೇಲೆ ಬಾಗಿಲ ಕಡೆ ನೋಡಿ, “ಹಾಗಾದ್ರೆ ಅಣ್ಣ ಇಲ್ಲೇ ಇರ್ತಾನಾ?” ಎಂದು ಕೇಳಿದಳು.

ಅಗ್ಯೇಯಿ ಹೂಂ ಎಂದು ತಲೆಯಾಡಿಸಿದ.

“ನನ್ನ ಕಿವಿ ಚೆನ್ನಾಗೇ ಇದೆ,” ಎಂದಳು ದೊಡ್ಡಮ್ಮ. ಅವಳನ್ನು ಯಾರೂ ಕೇಳಿರಲಿಲ್ಲ.