ಮೇಷ್ಟ್ರ ತೀದಾ

ಈ ಕುರ್ಚಿಯ ಒಂದು ಕಾಲಿಗೆ ರಬ್ಬರ್ ಇಲ್ಲ, ಕದಲಿದರೆ ಕಿರ್ ಅನ್ನುತ್ತದೆ, ಕದಲಬಾರದು, ಥೆರಪಿ ಕೋಣೆಯಲ್ಲಿ ರೋಗಿಯ ದನಿ ಬಿಟ್ಟು ಬೇರೆ ಸದ್ದು ಇರಬಾರದು ಎಂದು ಮೊದಲ ಸೆಮಿಸ್ಟರಿನಲ್ಲೇ ಹೇಳಿಕೊಟ್ಟಿದ್ದಾರೆ, ಆದರೆ ರೋಗಿಯ ದನಿಯೇ ಇಲ್ಲವಲ್ಲ, ಎದುರಿಗೆ ಮೇಷ್ಟ್ರು ಕೂತಿದ್ದಾರೆ, ಇಸ್ತ್ರಿ ಮಾಡಿದ ಅಂಗಿ, ಎಡಗೈಯೊಂದರಿಂದಲೇ ಹಾಕಿಕೊಂಡ ಗುಂಡಿ ಒಂದು ಮನೆ ತಪ್ಪಿದೆ, ಬಲಗೈ ಯಾರೋ ತೊಡೆಯ ಮೇಲಿಟ್ಟು ಮರೆತುಹೋದ ಸಾಮಾನಿನಂತೆ ಬಿದ್ದಿದೆ, ನಾನು ಬಂದು ಕೂತು ಇಷ್ಟು ಹೊತ್ತಾಯಿತು, ಇನ್ನೂ ತುಟಿ ಬಿಚ್ಚಿಲ್ಲ, ಮಾತು ಕಲಿಸಬೇಕಾದವಳು ಸುಮ್ಮನೆ ನಗುತ್ತಿದ್ದೇನೆ, ತಲೆಯಾಡಿಸುತ್ತಿದ್ದೇನೆ, ಚಿತ್ರದ ಕಾರ್ಡುಗಳನ್ನು ಸರಿಮಾಡಿದ್ದನ್ನೇ ಸರಿಮಾಡುತ್ತಿದ್ದೇನೆ — ಬಾಯಿ ಬಿಟ್ಟರೆ ದನಿ ಬರುತ್ತದೆ, ದನಿ ಬಂದರೆ ಅವರಿಗೆ ಗೊತ್ತಾಗಿಬಿಡುತ್ತದೆ, ಹೋದ ವಾರ ಆ ಗೋಡೆಯ ಸ್ಪೀಕರಿನಿಂದ ತಮ್ಮನ್ನು ಅಣಕಿಸಿದ್ದು ಇದೇ ದನಿ ಎಂದು. ನನ್ನ ಬೆನ್ನ ಹಿಂದೆ ದೊಡ್ಡ ಕನ್ನಡಿ, ಈ ಕಡೆಯಿಂದ ಕನ್ನಡಿ, ಆ ಕಡೆಯಿಂದ ಬರೀ ಗಾಜು, ಆಚೆ ಕತ್ತಲೆ ಕೋಣೆಯಲ್ಲಿ ಮೇಡಂ ಕೂತಿದ್ದಾರೆ, ಜೊತೆಗೆ ನನ್ನ ತರಗತಿಯವರು, ಮೇಡಂ ನೋಡಿದರಷ್ಟೇ ನನ್ನ ತರಬೇತಿ ಲೆಕ್ಕಕ್ಕೆ, ಅವರಿಗೆ ಹೋದ ವಾರದ್ದು ಗೊತ್ತಿಲ್ಲ, ಮೇಷ್ಟ್ರ ಹೆಂಡತಿಗೂ ಗೊತ್ತಿಲ್ಲ, ನಾನು ಒಳಬರುವಾಗ ಆಕೆ ಬಾಗಿಲಲ್ಲಿ ನನ್ನ ಕೈ ಹಿಡಿದುಕೊಂಡರು, ಬೆಚ್ಚಗಿನ ಒರಟು ಕೈ, ನೋಡಮ್ಮಾ, ಅರ್ಧ ಊರಿಗೆ ಬೈದು ಬೈದು ಕಾರು ಓಡ್ಸೋದು ಕಲಿಸಿದ ಬಾಯಿ ಇದು, ಸ್ಟ್ರೋಕ್ ಆದಮೇಲೆ ಉಳಿದಿದ್ದು ಅದೊಂದೇ ಶಬ್ದ, ತೀದಾ, ಎಲ್ಲಕ್ಕೂ ತೀದಾನೇ, ಬೈಯೋಕೊಂದು ತೀದಾ, ಕಾಫಿ ಬೇಕಂದ್ರೆ ಇನ್ನೊಂದು ತೀದಾ, ನಂಗೆಲ್ಲ ಅರ್ಥ ಆಗ್ತಿತ್ತು ಬಿಡು, ಮದುವೆಯಾದಾಗಿಂದ ಬೈಸ್ಕೊಂಡೋಳಲ್ವಾ, ಎಂದು ನಕ್ಕರು, ನಗು ಅರ್ಧಕ್ಕೇ ನಿಂತಿತು, ಹೋದ ವಾರ ಇಲ್ಲಿಂದ ಹೋದೋರು ಅದನ್ನೂ ನಿಲ್ಲಿಸಿಬಿಟ್ರಮ್ಮ, ತುಟಿ ಪಿಟಿಕ್ ಅಂತಿಲ್ಲ, ಕೇಳಿದ್ರೆ ಗೋಡೆ ಕಡೆ ತಿರುಗ್ತಾರೆ, ಇನ್ನೊಂದು ಸ್ಟ್ರೋಕ್ ಆಯ್ತಾ ಅಂತ ಡಾಕ್ಟ್ರ ಹತ್ರ ಓಡಿದೆ, ಏನೂ ಇಲ್ಲ ಅಂದ್ರು, ನೀನಾದ್ರೂ ಹೇಗಾದ್ರೂ ಬಾಯಿ ಬಿಡಿಸು ತಾಯಿ. ತಾಯಿ ಅಂದರು. ನನ್ನನ್ನು. ನನ್ನ ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಅವತ್ತು ಆ ಕತ್ತಲೆ ಕೋಣೆಯಲ್ಲಿ ನಾವು ಐದಾರು ಜನ ವಿದ್ಯಾರ್ಥಿಗಳಷ್ಟೇ, ಮೇಡಂ ಇರಲಿಲ್ಲ, ಮೇಷ್ಟ್ರ ಜೊತೆ ಕೂತಿದ್ದ ಸೀನಿಯರ್ ಕಾರ್ಡು ತರಲು ಹೋಗಿದ್ದಳು, ಗಾಜಿನಾಚೆ ಮೇಷ್ಟ್ರು ಒಬ್ಬರೇ, ಕಾಯುತ್ತಾ, ತಮ್ಮಷ್ಟಕ್ಕೆ ತೀದಾ ತೀದಾ ಎಂದು ಏನೋ ಲೆಕ್ಕ ಹಾಕುತ್ತಾ, ಅಕ್ಕ ನಿಮ್ಮ ಕಿವಿ ಟೇಪ್ ರೆಕಾರ್ಡರ್ ಕಣ್ರೀ, ಒಂದ್ಸಲ ಮಾಡಿ ತೋರ್ಸಿ ಪ್ಲೀಸ್, ಅಂದದ್ದು ಗುಂಗುರು ಕೂದಲಿನವಳು, ಊಟಕ್ಕೆ ಹೋಗುವಾಗ ಒಂದು ದಿನವೂ ನನ್ನನ್ನು ಕರೆಯದವಳು, ಅವರಿಗೆಲ್ಲ ಇಪ್ಪತ್ತೆರಡು, ನಾನು ಹಗಲು ಅಂಗಡಿಯಲ್ಲಿ ಬಟ್ಟೆ ಅಳೆದು ಸಂಜೆ ಕಾಲೇಜಿನಲ್ಲಿ ಡಿಗ್ರಿ ಮಾಡಿ ಬಂದವಳು, ಅವರು ನಕ್ಕಾಗ ಯಾಕೆ ನಕ್ಕರೆಂದು ಮನೆಗೆ ಹೋಗುವ ತನಕ ಯೋಚಿಸುವವಳು, ಕಿವಿಯೊಂದೇ ನನ್ನ ಆಸ್ತಿ, ರೋಗಿಯ ಮಾತಿನ ಏರಿಳಿತವನ್ನು ಕೇಳಿದ ಹಾಗೇ ಬರೆದುಕೊಳ್ಳುವುದರಲ್ಲಿ ನಾನೇ ಮುಂದು, ಮೇಡಂ ಕೂಡ ಹೊಗಳಿದ್ದರು, ಅದೇ ಕಿವಿಯಿಂದ ಕದ್ದು, ಅದೇ ಏರು, ಅದೇ ಕೊನೆಯ ಎಳೆತ, ನಾಲಿಗೆ ತಡವರಿಸುವ ಆ ಒಂದು ಕ್ಷಣವನ್ನೂ ಬಿಡದೆ, ತುಟಿ ಒಂದು ಕಡೆಗೆ ವಾಲಿಸಿಕೊಂಡು — ತೀದಾ, ತೀದಾತೀದಾ, ತೀ — ಎಲ್ಲರೂ ಬಿದ್ದು ಬಿದ್ದು ನಕ್ಕರು, ನನ್ನ ಭುಜದ ಮೇಲೆ ಯಾರದೋ ಕೈ, ಸೂಪರ್ ಅಕ್ಕ, ಎಷ್ಟು ಹಿತವಾಗಿತ್ತು ಆ ಕೈ, ಇನ್ನೊಮ್ಮೆ ಮಾಡಿದೆ, ಯಾರೂ ಕೇಳಿರಲಿಲ್ಲ, ನಾನೇ ಮಾಡಿದೆ, ಇನ್ನೂ ಜೋರಾಗಿ. ಆಗ ಗಾಜಿನಾಚೆ ಮೇಷ್ಟ್ರು ತಲೆಯೆತ್ತಿದರು. ಅಯ್ಯೋ, ಮೈಕ್ ಸ್ವಿಚ್ ಆನ್ ಇದೆ ಕಣ್ರೋ! ಆಫ್ ಮಾಡಿದ್ದು ಯಾರೋ, ಮೇಷ್ಟ್ರು ಎದ್ದು ಕಾಲೆಳೆದುಕೊಂಡು ನೇರ ನನ್ನ ಮುಂದೆ ಬಂದು ನಿಂತರು, ನನ್ನ ಮುಂದಲ್ಲ, ಕನ್ನಡಿಯ ಮುಂದೆ, ನಮಗೆ ಅವರು ಕಾಣುತ್ತಿದ್ದರು, ಅವರಿಗೆ ಅವರೇ ಕಾಣುತ್ತಿದ್ದರು, ವಾಲಿದ ತುಟಿಯನ್ನು ನೋಡಿಕೊಂಡರು, ಎಡಗೈ ಎತ್ತಿ ಬಾಯಿಯ ಮೂಲೆ ಒರೆಸಿಕೊಂಡರು, ಜೊಲ್ಲು ಇರಲಿಲ್ಲ, ಏನೂ ಇರಲಿಲ್ಲ, ಒಣಗಿತ್ತು, ಮತ್ತೆ ಒರೆಸಿಕೊಂಡರು. ಬಿಡಿ ಅಕ್ಕ, ಅವರಿಗೆಲ್ಲಿ ಅರ್ಥ ಆಗಿರುತ್ತೆ, ಅಂದಳು ಗುಂಗುರು ಕೂದಲು. ಇಂಥ ರೋಗಿಗೆ ಮಾತಷ್ಟೇ ಹೋಗಿರುತ್ತದೆ, ಕೇಳಿದ್ದು ಪೂರ್ತಿ ಅರ್ಥವಾಗುತ್ತದೆ — ಈ ಪ್ರಶ್ನೆಗೆ ಪರೀಕ್ಷೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ನನಗೇ ಬಂದಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಿದ್ದಳು ಅಮ್ಮ, ಹೋಗಲಿಲ್ಲ ಅಮ್ಮಾ, ಎಲ್ಲಿಗೂ ಹೋಗಲಿಲ್ಲ, ಸೀನಿಯರಿಗೆ ಬೇರೆ ವಾರ್ಡು ಬಿತ್ತು, ಮೇಷ್ಟ್ರು ನನ್ನ ಪಾಲಿಗೆ ಬಂದರು.

ಶುರು ಮಾಡಿ, ಎಂದಿತು ಸ್ಪೀಕರು, ಮೇಡಂ ದನಿ, ಮೇಷ್ಟ್ರು ಆ ಸದ್ದಿಗೇ ಬೆಚ್ಚಿಬಿದ್ದರು, ಮೇಜಿನ ಕೆಳಗೆ ಅವರ ಎಡಗಾಲು ನೆಲವನ್ನು ಒತ್ತಿತು, ಕಾರು ಕಲಿಸುವಾಗ ಪಕ್ಕದ ಸೀಟಿನಿಂದ ಬ್ರೇಕ್ ತುಳಿಯುತ್ತಿದ್ದರಲ್ಲ, ಹಾಗೆ, ಇನ್ನು ತಪ್ಪಿಸಿಕೊಳ್ಳುವುದು ಹೇಗೆ, ಶೀತವೆಂದು ಸನ್ನೆ ಮಾಡಲೇ, ಪಿಸುಗುಟ್ಟಲೇ, ಪಿಸುಮಾತಿಗೆ ಗುರುತು ಇರುವುದಿಲ್ಲ, ಥೂ, ಇಲ್ಲಿಯೂ ಕಲಿತ ವಿದ್ಯೆಯನ್ನೇ ಬಳಸುತ್ತಿದ್ದೇನಲ್ಲ, ಹೇಗಿದ್ದೀರಿ ಮೇಷ್ಟ್ರೇ, ಅಂದೇಬಿಟ್ಟೆ. ಅವರು ನನ್ನ ಕಣ್ಣು ನೋಡಲಿಲ್ಲ, ಬಾಯಿ ನೋಡಿದರು. ಬಹಳ ಹೊತ್ತು ನೋಡಿದರು. ಗೊತ್ತಾಯಿತು, ಅವರಿಗೆ ಗೊತ್ತಾಯಿತು, ಬೈಯಲಿ, ಮೇಜು ಗುದ್ದಲಿ, ಒಂದು ತೀದಾ ಬರಲಿ, ಎಷ್ಟೇ ಕೆಟ್ಟದ್ದಿರಲಿ, ಬಂದರೆ ಸಾಕು, ಬಾಯಿ ತೆರೆದರು, ತೀ ಎನ್ನಲು ನಾಲಿಗೆ ಹಲ್ಲಿಗೆ ತಾಗಿದ್ದು ಕಂಡಿತು, ಅಷ್ಟರಲ್ಲಿ ಕಣ್ಣು ನನ್ನ ಭುಜ ದಾಟಿ ಕನ್ನಡಿಗೆ ಹೋಯಿತು, ನಾಲಿಗೆ ಒಳಕ್ಕೆ ಹೋಯಿತು, ಕೈ ಮೇಲಕ್ಕೆ ಬಂತು. ನಾನು ಎದ್ದೆ, ಕುರ್ಚಿ ಕಿರ್ ಎಂದಿತು, ಕನ್ನಡಿಯ ಪಕ್ಕಕ್ಕಿದ್ದ ಪರದೆಯನ್ನು ಸರ್ರನೆ ಅದರ ಮೇಲೆ ಎಳೆದೆ, ವಿದ್ಯಾರ್ಥಿ ಯಾರೂ ಅದನ್ನು ಮುಟ್ಟುವಂತಿಲ್ಲ, ಏನ್ರೀ ಮಾಡ್ತಿದ್ದೀರಾ, ಸ್ಪೀಕರಿನಿಂದ ಮೇಡಂ, ಪರದೆ ತೆಗೀರಿ, ನಾನು ನೋಡ್ದೆ ಇದ್ರೆ ಈ ಸೆಷನ್ ನಿಮ್ಮ ಲೆಕ್ಕಕ್ಕೆ ಬರಲ್ಲ, ಬರದಿರಲಿ ಮೇಡಂ, ಎಂದದ್ದು ಬಾಯಿಂದಲೋ ಒಳಗಿನಿಂದಲೋ, ಸ್ಪೀಕರಿನ ವೈರು, ಈ ಕೋಣೆಯ ಮೈಕಿನ ವೈರು ಎರಡನ್ನೂ ಕಿತ್ತು ಬಂದು ಕೂತೆ, ಈಗ ಯಾರೂ ನೋಡುತ್ತಿಲ್ಲ ಮೇಷ್ಟ್ರೇ, ಯಾರೂ ಕೇಳುತ್ತಿಲ್ಲ, ನಾನೊಬ್ಬಳೇ — ನಾನೊಬ್ಬಳೇ ಅಂದೆನಲ್ಲ, ಅದೇ ಅಲ್ಲವೇ ಭಯ, ಕನ್ನಡಿ ಮುಚ್ಚಬಹುದು, ನನ್ನ ಕಿವಿ ಮುಚ್ಚುವುದು ಹೇಗೆ, ಅವರು ನನ್ನನ್ನೇ ನೋಡುತ್ತಿದ್ದಾರೆ, ಕೈ ಇಳಿದಿಲ್ಲ, ಹೆಬ್ಬೆರಳು ಬಾಯಿಯ ಮೂಲೆಯಲ್ಲಿ, ಉಳಿದ ಬೆರಳು ತುಟಿಯ ಮೇಲೆ, ಒಣಗಿದ ತುಟಿ, ಒರೆಸುತ್ತಿದ್ದಾರೆ, ನಾನು ಕಾಯುತ್ತೇನೆ, ಆ ಕೈ, ಮತ್ತೆ ಒರೆಸುತ್ತಿದ್ದಾರೆ, ಏನೂ ಇಲ್ಲದ ಕಡೆ, ಆ ಕೈ