ಎರಡನೇ ಚರಣ

ಗುಡ್ಡಗಾಳಿ ಎಂಬ ಹಾಡುಗಾರರ ತಂಡ ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಮನೆಮಾತಾದದ್ದು ಒಂದೇ ಹಾಡಿನಿಂದ. ಸರಿಯಾಗಿ ಹೇಳಬೇಕೆಂದರೆ ಅರ್ಧ ಹಾಡಿನಿಂದ. ಕಾಲು ಕುಣಿಯುವಷ್ಟು ರೆಗ್ಗೆ, ಶಾಲೆಯ ಹುಡುಗಿಯರು ಗುನುಗುವಷ್ಟು ಪಾಪ್. ಮೊದಲ ಚರಣ ಒಶೇನನದು: ಗುಡ್ಡ, ತಂಗಾಳಿ, ಅವಳ ತುಟಿ. ಅಂಗಿಯ ಗುಂಡಿ ಬಿಚ್ಚಿಕೊಂಡು ಅವನೇ ಹಾಡುತ್ತಿದ್ದ. ಎರಡನೆಯದನ್ನು ಬರೆದವಳು ಬೇಸ್ ಗಿಟಾರ್ ನುಡಿಸುವ ಮರ್ಲೀನ್: ಅದೇ ಗುಡ್ಡದ ನಲ್ಲಿ ತಿರುಗಿಸಿದರೆ ಬರುವುದೂ ಗಾಳಿಯೇ ಎಂದು. ಅದನ್ನು ಊರಲ್ಲಿ ಯಾರೂ ಕೇಳಿರಲಿಲ್ಲ.

ಕಾರಣ, ಜನರ ಪ್ರೀತಿ. ಹಾಡು ಹಿಡಿಸಿದರೆ ಮುಗಿಯುವ ತನಕ ಕಾಯುವ ಪದ್ಧತಿ ಅಲ್ಲಿಲ್ಲ. ಬೇಲಿಯ ತಗಡು ಬಡಿದು “ತಿರುಗಿಸು!” ಎಂದು ಕೂಗುತ್ತಾರೆ. ಹಾಡುವವರು ಅಲ್ಲಿಗೇ ನಿಲ್ಲಿಸಿ ಮತ್ತೆ ಮೊದಲಿನಿಂದ ಹಿಡಿಯಬೇಕು. ನಿಲ್ಲಿಸದವರೂ ನಡುವೆ ಎದ್ದು ಹೋಗುವವರೂ ಸೊಕ್ಕಿನವರು. ಒಶೇನನ ‘ತುಟಿ’ ಬಂದದ್ದೇ ತಡ, ತಗಡು ಗುಡುಗುತ್ತಿತ್ತು. ರೇಡಿಯೋದವನೂ ಅಷ್ಟಕ್ಕೇ ಹಾಡನ್ನು ಹಿಂದಕ್ಕೆಳೆಯುತ್ತಿದ್ದ. ಕಡಲತೀರದ ಹೋಟೆಲಿನವರ ಜಾಹೀರಾತಿಗೆ ಬೇಕಾದದ್ದೂ ಅಷ್ಟೇ. ‘ಎಂಥ ಮಿತಭಾಷೆ!’ ಎಂದು ವಿಮರ್ಶಕರೊಬ್ಬರು ಬರೆದರು.

ಒಪ್ಪದೆ ಉಳಿದವಳು ಮರ್ಲೀನಳ ಅಜ್ಜಿ ಮಿಸ್ ಐವಿ ಒಬ್ಬಳೇ. ಬಕೆಟ್ ಹೊತ್ತು ಗುಡ್ಡ ಹತ್ತಿ ಬಂದವಳು ರೇಡಿಯೋ ಕೇಳಿ ಅಂಗಳದಲ್ಲೇ ನಿಂತಳು.

“ನಲ್ಲಿ ವಿಷ್ಯ ಎಲ್ಲೇ?”

“ಆಮೇಲೆ ಬರುತ್ತೆ ಅಜ್ಜಿ.”

“ನೀರಿನ ಆಫೀಸ್ನೋರೂ ಹಂಗೇ ಹೇಳ್ತಾರೆ. ನೀನೂ ಅಲ್ಲೇ ಕೆಲಸಕ್ಕೆ ಸೇರ್ಕೊ ಹೋಗು.”

ಆ ಭಾನುವಾರ ಮಧ್ಯಾಹ್ನ ಮೈದಾನದಲ್ಲಿ ಕಾರ್ಯಕ್ರಮ. ನೀರು ಸರಬರಾಜಿನ ಮಂತ್ರಿಗಳೇ ಅತಿಥಿ. ಮೊಮ್ಮಗಳು ನಲ್ಲಿಯ ವಿಷಯ ಅವರ ಮುಖದೆದುರೇ ಕೇಳುತ್ತಾಳೆಂದು ಮಿಸ್ ಐವಿ ಇಡೀ ಓಣಿಗೆ ಮಾತು ಕೊಟ್ಟಿದ್ದಳು. ಹೆಂಗಸರೆಲ್ಲ ಚರ್ಚಿನಿಂದ ಟೋಪಿ ಸಮೇತ ನೇರ ಅಲ್ಲಿಗೇ ಬಂದು ಹಿಂದಿನ ಬೇಲಿಗೆ ಒರಗಿ ನಿಂತರು.

ಒಶೇನ್ ಹಾಡಿದ. ಎಲ್ಲರಿಗಿಂತ ಮೊದಲು ಮಂತ್ರಿಗಳೇ ಎದ್ದು ವೇದಿಕೆಯ ಪಕ್ಕದ ತಗಡು ಬಡಿದರು. “ತಿರುಗಿಸು!” ತಂಡ ತಿರುಗಿಸಿತು. ಅವರು ಮತ್ತೆ ಬಡಿದರು. ಅಷ್ಟರಲ್ಲಿ ಬೆವೆತುಹೋಗಿ, ಬಾಟಲಿಯ ನೀರು ತರಿಸಿ ಕುಡಿದರು, ಮಿಕ್ಕಿದ್ದರಲ್ಲಿ ಮುಖ ತೊಳೆದುಕೊಂಡರು.

ಅದನ್ನು ನೋಡಿದ ಮರ್ಲೀನ್ ಒಶೇನನ ಕಿವಿಗೆ ಬಾಗಿದಳು.

“ಈ ಸಲ ನನ್ನ ಚರಣದಿಂದ ಶುರು.”

“ತಲೆ ಕೆಟ್ಟಿದ್ಯಾ? ಜನ ಬಂದಿರೋದು ತುಟಿ ಕೇಳೋಕೆ ಕಣೇ!”

“ಹಂಗಾದ್ರೆ ಮುಚ್ಕೊಂಡು ತೋರ್ಸು.”

ಮೈಕು ಕಸಿದುಕೊಂಡು ಹಾಡಿಯೇಬಿಟ್ಟಳು. ಮೈದಾನ ತೆಪ್ಪಗಾಯಿತು. ಇಷ್ಟು ದಿನ ಮೆಚ್ಚುಗೆಯೇ ಅವಳ ಬಾಯಿ ಮುಚ್ಚಿಸಿತ್ತು. ಈ ಮೌನ ಹೊಸದು, ಅದಕ್ಕಿಂತ ಭಯಂಕರ. ಆದರೂ ಚರಣವನ್ನು ಕೊನೆ ಮುಟ್ಟಿಸಿದಳು.

ಹಿಂದಿನ ಬೇಲಿಯಲ್ಲಿ ಒಂದು ಛತ್ರಿ ತಗಡಿಗೆ ಬಡಿಯಿತು. ಆಮೇಲೆ ಅಷ್ಟೂ ಟೋಪಿಗಳು ಕುಲುಕಿದವು, ಮೈದಾನಕ್ಕೆ ಮೈದಾನವೇ ಬಡಿಯತೊಡಗಿತು. ಮಂತ್ರಿಗಳು ಗಡಿಯಾರ ನೋಡಿಕೊಂಡು ಮೆಲ್ಲಗೆ ಎದ್ದರು. ತಗಡು ಸದ್ದು ಮಾಡುವಾಗ ಎದ್ದು ಹೋಗುವವನನ್ನು ಊರು ಏನನ್ನುತ್ತದೆಂದು ಓಟು ಕೇಳುವವರಿಗೆ ಹೇಳಿಕೊಡಬೇಕಿಲ್ಲ. ಕ್ಯಾಮೆರಾಗಳೂ ಅತ್ತಲೇ ತಿರುಗಿದ್ದವು. ಅವರು ನಗುತ್ತ ಕೂತರು.

“ಇನ್ನೊಂದ್ಸಲ ಹಾಡೇ ಮಗಳೇ!” ಮಿಸ್ ಐವಿ ಕೂಗಿದಳು. “ಸಾಹೇಬ್ರಿಗೆ ಸರಿಯಾಗಿ ಕೇಳಿಸ್ಲಿಲ್ಲ!”