ತಳದ ಗೆರೆ

ಕಾಫಿ ಆರುವುದರೊಳಗೆ ಬಾಲ್ಟಿಕ್ ಸಮುದ್ರದ ಮೀನುಗಳನ್ನೆಲ್ಲ ಒಂದೂ ಬಿಡದೆ ಎಣಿಸಿ, ಬಸುರಿಯರನ್ನು ಬೇರೆ ಸಾಲಿಗೆ ನಿಲ್ಲಿಸಿದವನು ಭೂಮಿಯ ಮೇಲೆ ಸುನಿಲಕುಮಾರನೊಬ್ಬನೇ — ಹಾಗಂತ ಅವನೇ ಜರ್ಮನಿಯ ರೋಸ್ಟಾಕ್‌ನ ಮೀನೆಣಿಕೆ ಕಚೇರಿಯ ತುಂಬ ಹೇಳಿಕೊಂಡು ತಿರುಗಿದ್ದ, ಕಾಫಿ ಈಗಲೂ ಬಿಸಿಯೇ ಇದೆ, ಎದುರಿನ ಪರದೆಯಲ್ಲಿ ಹಡಗಿನ ಯಂತ್ರ ನೀರಿಗೆ ಹಾಕಿದ ಕೂಗೂ ಅದು ಮರಳಿದ ಬಗೆಯೂ, ಮೇಲೆಲ್ಲ ನೀಲಿ, ಅಡಿಯಲ್ಲಿ ಕಡಲ ನೆಲದ ದಪ್ಪ ಕೆಂಪು, ಅಲ್ಲೊಂದು ಗೆರೆ, ಅದರ ಮೇಲಿನದೆಲ್ಲ ಮೀನಿನ ಲೆಕ್ಕಕ್ಕೆ, ನಡುವೆ ಮೀನಿದ್ದರೆ ಚುಕ್ಕೆಗಳ ಮೋಡ, ಇದ್ದರೆ — ಮಲ್ಪೆಯ ಅಜ್ಜ ನೀರಿಗಿಳಿಸಿದ ಹುಟ್ಟಿನ ಹಿಡಿಗೆ ಕಿವಿಯಿಟ್ಟು ಮೀನಿನ ಸದ್ದು ಕೇಳುತ್ತಿದ್ದರಂತೆ, ಅದನ್ನೂ ಹಿಗ್ಗಿಸಿ, ನಮ್ಮಜ್ಜ ಮೀನಿನ ಕೆಮ್ಮು ಕೇಳಿಯೇ ವಯಸ್ಸು ಹೇಳುತ್ತಿದ್ದರು ಎಂದಿದ್ದ ಊವೆಗೆ, ವಾರ್ನೆಮ್ಯೂಂಡೆ ಬಂದರಿನಲ್ಲಿ ಹೆರಿಂಗ್ ಮೀನು ಹಿಡಿಯುವವರಲ್ಲಿ ಉಳಿದ ಕೆಲವೇ ಮುದುಕರಲ್ಲೊಬ್ಬ, ಅವನು ನಗಲಿಲ್ಲ, ದೋಣಿಯ ಬಣ್ಣವನ್ನು ಉಗುರಿನಿಂದ ಕೆರೆಯುತ್ತ ಕೇಳಿದ, ಇದನ್ನು ಒಡೆಯಲಿಕ್ಕೆ ಕೊಟ್ಟರೆ ಸರಕಾರ ದುಡ್ಡು ಕೊಡುತ್ತದೆ, ಅರ್ಜಿಗೆ ಶುಕ್ರವಾರ ಕೊನೆಯ ದಿನ, ನಿನ್ನ ಯಂತ್ರ ಏನನ್ನುತ್ತದೆ, ಮೀನು ಇದೆಯಾ, ಇದೆಯಾ ಅಂದರೆ, ಕಾಲಿಡಲು ಜಾಗವಿಲ್ಲ, ಒಂದರ ಬಾಲ ಇನ್ನೊಂದರ ಬಾಯಲ್ಲಿ, ಅಂದುಬಿಟ್ಟಿತ್ತು ಇವನ ನಾಲಗೆ, ಊವೆ ಅರ್ಜಿ ಹರಿದ, ಶುಕ್ರವಾರ ಕಳೆಯಿತು, ಆಮೇಲೆ ದಿನವೂ ಬಲೆ ಬಿಡುತ್ತಿದ್ದಾನೆ, ನಿನ್ನೆ ಇವನೆದುರೇ ಎಳೆದ, ನೀಲಿ ಪೆಟ್ಟಿಗೆಯ ತಳದಲ್ಲಿ ಮೂರು ಮೀನು, ಮೂರೇ — ಸುನಿಲ್, ಈ ತಳದ ಗೆರೆ ಯಾರು ಎಳೆದಿದ್ದು, ಪಕ್ಕಕ್ಕೆ ಕುರ್ಚಿ ಎಳೆದುಕೊಂಡವಳು ಲಾವಣ್ಯಾ, ಮೈಸೂರಿನವಳು, ಎಲ್ಲರ ಲೆಕ್ಕವನ್ನೂ ಮತ್ತೊಮ್ಮೆ ನೋಡುವುದೇ ಅವಳ ಕೆಲಸ, ಮಷೀನು ಮಾರಾಯ್ತಿ, ಮತ್ಯಾರು, ಮಷೀನಿನ ಗೆರೆ ಕೆಂಪಿನ ಮೇಲಿದೆ, ನಿಮ್ಮದು ಕೆಂಪಿನ ಒಳಗೆ, ಕಡಲ ನೆಲವನ್ನೇ ಮೀನು ಅಂತ ಎಣಿಸಿಬಿಟ್ಟಿದೀರಿ, ಗೊತ್ತಾಗ್ದೆ ಆಯ್ತಾ, ಎಷ್ಟು ಮೆತ್ತಗೆ ಕೇಳುತ್ತಾಳೆ, ಜಾರಿಕೊಳ್ಳಲು ಬಾಗಿಲು ತೆರೆದಿಟ್ಟ ಹಾಗೆ, ಗಾಳಿಗೆ ಹಡಗು ತೊಟ್ಟಿಲಾಗಿತ್ತು ಎನ್ನಬಹುದು, ಹೆರಿಂಗ್ ಈ ವರ್ಷ ಕಾವಿಗೆ ಕೂತ ಕೋಳಿಯಂತೆ ನೆಲ ಕಚ್ಚಿದೆ ಎನ್ನಬಹುದು, ಹತ್ತು ಸುಳ್ಳು ಬಾಯಂಚಿನಲ್ಲೇ ಇವೆ, ಅಷ್ಟರಲ್ಲಿ ಅವಳ ಬೆರಳು ಗೆರೆಯನ್ನು ಮೇಲಕ್ಕೆ ಸರಿಸಿತು, ಲೆಕ್ಕ ಕುಸಿಯಿತು, ಕುಸಿದು ಎಲ್ಲೂ ನಿಲ್ಲಲಿಲ್ಲ, ಬರೀ ನೀಲಿ, ಗೊತ್ತಿತ್ತು, ಅಂದ, ನಾನೇ ಎಳೆದದ್ದು, ಊವೆಗೆ ಮೀನು ಉಂಟು ಅಂತ ಮೊದಲೇ ಹೇಳಿ ಆಗಿತ್ತು, ಇಲ್ಲಿ ಬಂದು ನೋಡಿದರೆ ಏನೂ ಇಲ್ಲ, ಇಲ್ಲ ಅಂತ ವಾಪಸು ಹೋಗಿ ಹೇಳ್ಲಿಕ್ಕೆ ಆಗ್ಲಿಲ್ಲ, ಗೆರೆಯನ್ನೇ ಇಳಿಸಿದೆ, ಅವನಿಗೆ ಈಗ ಯಾರು ಹೇಳ್ತಾರೆ ಎಂದು ಲಾವಣ್ಯಾ ಕೇಳಿದಳೋ ಇಲ್ಲವೋ, ಹೇಳಬೇಕಾದ್ದು ಇಷ್ಟೇ, ಕಡಲಿನಲ್ಲಿ ಮೀನಿಲ್ಲ, ನಾನು ಎಣಿಸಿದ್ದು ಮಣ್ಣು — ಕಣ್ಣೆದುರು ನಿನ್ನೆಯ ನೀಲಿ ಪೆಟ್ಟಿಗೆ, ಮೂರು ಮೀನು, ಊವೆ ಬಗ್ಗಿ, ಪೆಟ್ಟಿಗೆ ತುಂಬಿದೆಯೇನೋ ಎಂಬಂತೆ, ಬೊಗಸೆ ಬೊಗಸೆ ಐಸು ಸುರಿಯುತ್ತಿದ್ದಾನೆ, ಮೂರಕ್ಕೆ